ನಾಲ್ಕು ಮನೆಯ ಲೆಕ್ಕ: ವ್ಯತ್ಯಾಸ ನಿಜವೋ, ಆಕಸ್ಮಿಕವೋ?

ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆ ಹಿಡಿದು ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚು ಸಾಗಿದರೆ ಕಮಲಾಪುರ ಸಿಗುತ್ತದೆ. ಕಲಬುರಗಿ 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಊರು; 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 5 ಲಕ್ಷ 33 ಸಾವಿರ ದಾಟಿತ್ತು. ಕಮಲಾಪುರ ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಬಹುಕಾಲ ಕಲಬುರಗಿ ತಾಲ್ಲೂಕಿನಲ್ಲೇ ಇದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕು ಕೇಂದ್ರವಾಯಿತು. ಒಂದು ನಗರ, ಇನ್ನೊಂದು ಹಳ್ಳಿಗಾಡಿನ ನಡುವಣ ಪಟ್ಟಣ. ಇವೆರಡರ ಜನಜೀವನವನ್ನು ಹೋಲಿಸಿ ನೋಡಬೇಕೆಂಬ ಆಸೆ ವೈದ್ಯರಿಗೆ, ಶಿಕ್ಷಕರಿಗೆ, ಯೋಜನೆ ರೂಪಿಸುವವರಿಗೆ ಬರುವುದು ಸಹಜ.

ಎರಡೂ ಊರುಗಳಲ್ಲಿ ಚೀಟಿ ಎತ್ತಿ ನೂರು ನೂರು ಕುಟುಂಬಗಳನ್ನು ಆರಿಸಿ, ಕುಡಿಯುವ ನೀರನ್ನು ಶುದ್ಧಗೊಳಿಸಿ ಕುಡಿಯುತ್ತೀರಾ ಎಂದು ಕೇಳಿದರೆಂದು ಭಾವಿಸೋಣ. ಕಲಬುರಗಿಯಲ್ಲಿ 62 ಕುಟುಂಬಗಳು ಹೌದು ಎಂದವು, ಕಮಲಾಪುರದಲ್ಲಿ 50. ಇವು ಲೆಕ್ಕ ತಿಳಿಯಲೆಂದು ಮಾಡಿಕೊಂಡ ಸಂಖ್ಯೆಗಳೇ ಹೊರತು ಯಾವ ಸಮೀಕ್ಷೆಯವೂ ಅಲ್ಲ. ಇವನ್ನು ಕಂಡ ಒಬ್ಬ ಅಧಿಕಾರಿ, ಕಮಲಾಪುರ ಹಿಂದುಳಿದಿದೆ, ಹಣ ಅಲ್ಲಿಗೆ ಹೋಗಬೇಕು ಎನ್ನುತ್ತಾನೆ. ಇನ್ನೊಬ್ಬ, ಬೇರೆ ನೂರು ಕುಟುಂಬಗಳ ಚೀಟಿ ಬಂದಿದ್ದರೆ ಲೆಕ್ಕ ತಿರುಗುಮುರುಗಾಗುತ್ತಿತ್ತು, ಹನ್ನೆರಡರ ಅಂತರಕ್ಕೆ ಅಷ್ಟು ಬೆಲೆ ಕೊಡಬೇಕಿಲ್ಲ ಎನ್ನುತ್ತಾನೆ. ಯಾರ ಮಾತು ಸರಿ?

ಎತ್ತರ, ತೂಕ, ಆದಾಯಗಳನ್ನು ಅಳೆದು ಸರಾಸರಿ ತೆಗೆಯಬಹುದು. ಆದರೆ ಹೌದು-ಇಲ್ಲ, ಬದುಕಿದ-ಸತ್ತ, ಶಾಲೆಗೆ ಹೋದ-ಬಿಟ್ಟ ಎಂಬಂತಹ ವಿಷಯಗಳಿಗೆ ಸರಾಸರಿ ಇಲ್ಲ. ಯಾವ ಗುಂಪಿನಲ್ಲಿ ಎಷ್ಟು ಮಂದಿ ಎಂಬ ಎಣಿಕೆ ಮಾತ್ರ ಉಂಟು. ಎರಡು ಊರು, ಎರಡು ಉತ್ತರ ಎಂದರೆ ಚೌಕಾಬಾರದ ಮನೆಗಳಂತೆ ನಾಲ್ಕು ಮನೆಗಳ ಒಂದು ಕೋಷ್ಟಕವಾಗುತ್ತದೆ. ನಾಲ್ಕೇ ಸಂಖ್ಯೆಗಳ ಈ ಪುಟ್ಟ ಕೋಷ್ಟಕವನ್ನು ಓದುವುದು ಹೇಗೆಂದು ಸಂಖ್ಯಾಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಬಹುಭಾಗ ಜಗಳವಾಡಿದ್ದಾರೆ. ಆ ಜಗಳದ ಮೂಲದಲ್ಲಿ ಜನರ ಪ್ರಾಣದ ಪ್ರಶ್ನೆ ಇತ್ತು. ಅದರ ಒಂದು ಎಳೆ ಹುಬ್ಬಳ್ಳಿಗೂ, ಇನ್ನೊಂದು ಎಳೆ ಹೂವಿನ ಹಡಗಲಿಗೂ ಬಂದು ಸೇರುತ್ತದೆ.

ಪ್ಲೇಗಿನ ದಿನಗಳಲ್ಲಿ

1896ರಲ್ಲಿ ಮುಂಬೈಗೆ ಬಂದ ಪ್ಲೇಗು ರೈಲುಹಾದಿಯ ಗುಂಟ ಒಳನಾಡಿಗೆ ಹರಡಿತು. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿ ಭಾರತಕ್ಕೆ ಬಂದಿದ್ದ ವಾಲ್ಡೆಮಾರ್ ಹಾಫ್‌ಕಿನ್ ಮುಂಬೈಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. 1898ರಲ್ಲಿ ಅಂದಿನ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಪ್ಲೇಗು ಉಲ್ಬಣಿಸಿದಾಗ, ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ಒಂದೇ ಊರಿನಲ್ಲಿ ಅಷ್ಟು ದೊಡ್ಡ ಪ್ರಮಾಣದ ಲಸಿಕೆ ಅಂದಿಗೆ ಅಪರೂಪದ ಸಂಗತಿ.

ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಕಡಿಮೆ ಎಂಬುದು ಹುಬ್ಬಳ್ಳಿಯ ಲೆಕ್ಕಗಳಿಂದ ಕಾಣುತ್ತಿತ್ತು. ಆದರೆ ಆಕ್ಷೇಪಗಳೂ ಎದ್ದವು. ವಾರ ವಾರಕ್ಕೂ ಲಸಿಕೆ ಪಡೆದವರ ಸಂಖ್ಯೆ ಬೆಳೆಯುತ್ತಿತ್ತು, ಪಡೆಯದವರ ಸಂಖ್ಯೆ ಕರಗುತ್ತಿತ್ತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರು ಯಾವ ಲೆಕ್ಕಕ್ಕೆ? ತಾವಾಗಿ ಬಂದು ಸೂಜಿ ಚುಚ್ಚಿಸಿಕೊಂಡವರು ಮೊದಲೇ ಹೆಚ್ಚು ಎಚ್ಚರದ ಜನರಲ್ಲವೇ? ಹಾಗಾದರೆ ಉಳಿಸಿದ್ದು ಲಸಿಕೆಯೋ, ಆ ಎಚ್ಚರವೋ?

ಇಂತಹ ಆಕ್ಷೇಪಗಳಿಗೆ ಎಡೆಯಿಲ್ಲದ ಹೋಲಿಕೆಯನ್ನು ಹಾಫ್‌ಕಿನ್ ಅದೇ 1898ರಲ್ಲಿ ಬರೋಡದ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ಮಾಡಿದ. ಪ್ರತಿಯೊಂದು ಕುಟುಂಬದಲ್ಲೂ ಸುಮಾರು ಅರ್ಧ ಜನರಿಗೆ ಲಸಿಕೆ ಹಾಕಿ ಉಳಿದ ಅರ್ಧವನ್ನು ಹಾಗೆಯೇ ಬಿಡಲಾಯಿತು. ಒಂದೇ ಸೂರು, ಒಂದೇ ಊಟ, ಒಂದೇ ಇಲಿಬಿಲ. ಮುಂದೆ ಪ್ಲೇಗು ಹೊಕ್ಕ ಕುಟುಂಬಗಳನ್ನು ಎಣಿಸಿದಾಗ, ಲಸಿಕೆ ಪಡೆದ 71 ಜನರಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತಿದ್ದರು. ಲಸಿಕೆ ಪಡೆಯದ 64 ಜನರಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತಿದ್ದರು. ಅರ್ಧ ಕುಟುಂಬವನ್ನು ಬೇಕೆಂದೇ ರಕ್ಷಣೆಯಿಲ್ಲದೆ ಬಿಟ್ಟ ಈ ಕ್ರಮ ಇಂದಿನ ನೀತಿಗೆ ಒಗ್ಗುವಂತಹುದಲ್ಲ. ಆದರೆ ಅದು ಉಳಿಸಿಹೋದ ನಾಲ್ಕು ಸಂಖ್ಯೆಗಳು ಹೋಲಿಕೆಯ ಚರಿತ್ರೆಯಲ್ಲಿ ನಿಂತಿವೆ: ಲಸಿಕೆ ಪಡೆದವರಲ್ಲಿ ಸತ್ತವರು 3, ಉಳಿದವರು 68, ಪಡೆಯದವರಲ್ಲಿ ಸತ್ತವರು 26, ಉಳಿದವರು 38.

ಪಿಯರ್ಸನ್ ಕೊಟ್ಟ ಅಳತೆಗೋಲು

ಹಾಫ್‌ಕಿನ್ ಈ ಸಂಖ್ಯೆಗಳನ್ನು ಪ್ರಕಟಿಸಿದಾಗ ಅವನ್ನು ತೂಗಿ ನೋಡಲು ಒಪ್ಪಿತ ತಕ್ಕಡಿ ಇರಲಿಲ್ಲ. ಎರಡು ವರ್ಷಗಳ ನಂತರ, 1900ರಲ್ಲಿ, ಲಂಡನ್ನಿನ ಕಾರ್ಲ್ ಪಿಯರ್ಸನ್ ಅದನ್ನು ಒದಗಿಸಿದ. ಅದೇ ಕೈ-ವರ್ಗ ಪರೀಕ್ಷೆ. ಇಲ್ಲಿ ಕೈ ಎಂಬುದು ಗ್ರೀಕ್ ವರ್ಣಮಾಲೆಯ ಒಂದು ಅಕ್ಷರ. ನಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ. ಪಿಯರ್ಸನ್ ಬಳಸಿಕೊಂಡ ಉದಾಹರಣೆಗಳಲ್ಲಿ ಒಂದು ಅವನ ಗೆಳೆಯ ವೆಲ್ಡನ್ ಹನ್ನೆರಡು ದಾಳಗಳನ್ನು 26,306 ಸಲ ಎಸೆದು ಬರೆದಿಟ್ಟ ಫಲಿತಾಂಶ. ಐದು ಮತ್ತು ಆರು ಬೀಳುವುದು ನ್ಯಾಯವಾದ ದಾಳದಲ್ಲಿ ಇರಬೇಕಾದುದಕ್ಕಿಂತ ತುಸು ಹೆಚ್ಚಾಗಿತ್ತು. ಆ ಹೆಚ್ಚಳ ಆಕಸ್ಮಿಕವಲ್ಲವೆಂದು ಹೊಸ ಪರೀಕ್ಷೆ ತೋರಿಸಿತು.

ಪರೀಕ್ಷೆಯ ತಿರುಳು ಸರಳ. ಲಸಿಕೆಯಿಂದ ಏನೂ ಆಗದು ಎಂದು ಮೊದಲು ಒಪ್ಪಿಕೊಳ್ಳುವುದು. ಉಂಧೇರಾದ ಆ ಕುಟುಂಬಗಳ 135 ಜನರಲ್ಲಿ ಸತ್ತವರು ಒಟ್ಟು 29. ಲಸಿಕೆ ನಿಷ್ಪ್ರಯೋಜಕವಾಗಿದ್ದರೆ ಈ 29 ಸಾವುಗಳು ಎರಡೂ ಗುಂಪುಗಳಿಗೆ ಅವುಗಳ ಗಾತ್ರಕ್ಕೆ ತಕ್ಕಂತೆ ಹಂಚಿಹೋಗಬೇಕಿತ್ತು: ಲಸಿಕೆ ಪಡೆದವರಲ್ಲಿ ಸುಮಾರು 15, ಪಡೆಯದವರಲ್ಲಿ ಸುಮಾರು 14. ಇವು ನಿರೀಕ್ಷಿತ ಸಂಖ್ಯೆಗಳು. ಕಂಡದ್ದು 3 ಮತ್ತು 26. ಪ್ರತಿ ಮನೆಯಲ್ಲೂ ಕಂಡದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ನಾಲ್ಕು ಮನೆಗಳ ಫಲವನ್ನು ಕೂಡಿಸಿದರೆ ಕೈ-ವರ್ಗದ ಬೆಲೆ ಬರುತ್ತದೆ. ನಿಜವಾದ ವ್ಯತ್ಯಾಸವೇ ಇಲ್ಲದಿದ್ದಾಗ ಈ ಬೆಲೆ 3.84ನ್ನು ಮೀರುವುದು ನೂರರಲ್ಲಿ ಐದು ಸಲ ಮಾತ್ರ. ಉಂಧೇರಾದ ಬೆಲೆ 26ಕ್ಕೂ ಹೆಚ್ಚು. ಅದನ್ನು ಆಕಸ್ಮಿಕವೆಂದು ತಳ್ಳಿಹಾಕಲು ಬಾರದು.

1904ರಲ್ಲಿ ಪಿಯರ್ಸನ್ ಇಂತಹ ಕೋಷ್ಟಕಗಳ ಸಿದ್ಧಾಂತವನ್ನು ವಿಸ್ತರಿಸಿದ. ಅದೇ ವರ್ಷ ಬ್ರಿಟಿಷ್ ಸೈನ್ಯದಲ್ಲಿ ವಿಷಮಶೀತ ಜ್ವರದ ಲಸಿಕೆಯ ಅಂಕಿಗಳನ್ನು ವಿಮರ್ಶಿಸಿ, ಸಾಕ್ಷ್ಯ ಸಾಲದೆಂದು ಬರೆದು, ಲಸಿಕೆಯ ಜನಕ ಆಲ್ಮ್‌ರಾತ್ ರೈಟ್‌ನೊಡನೆ ಬಹಿರಂಗ ವಾದಕ್ಕಿಳಿದ. ಈ ವಾದದ ಫಲವನ್ನು 1915ರಲ್ಲಿ ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ ಒಂದು ದೀರ್ಘ ಲೇಖನದಲ್ಲಿ ಹರಳುಗಟ್ಟಿಸಿದರು. ಇಲ್ಲಿ ಮೇಜರ್ ಎಂಬುದು ಹುದ್ದೆಯಲ್ಲ, ಆತನ ಹೆಸರೇ. ವಿಷಮಶೀತ ಜ್ವರ ಮತ್ತು ಕಾಲರಾ ಲಸಿಕೆಗಳ ಅಂಕಿಗಳನ್ನು ಕೈ-ವರ್ಗದಿಂದ ತೂಗಿದ ಅವರು ತಕ್ಕಡಿ ಹಿಡಿಯುವ ಮುನ್ನವೇ ಮೂರು ಶರತ್ತುಗಳನ್ನು ಹಾಕಿದರು. ಎರಡೂ ಗುಂಪಿನವರು ಮುಖ್ಯ ವಿಷಯಗಳಲ್ಲೆಲ್ಲ ಒಂದೇ ತೆರನಾಗಿರಬೇಕು. ಎರಡೂ ಗುಂಪಿಗೆ ರೋಗ ತಗಲುವ ಅವಕಾಶ ಒಂದೇ ಆಗಿರಬೇಕು. ರೋಗ ಬಂತೆಂದು ನಿರ್ಧರಿಸುವುದಕ್ಕೂ ಲಸಿಕೆ ಹಾಕಿದೆ ಎಂಬ ತಿಳಿವಿಗೂ ಸಂಬಂಧವಿರಕೂಡದು. ಹುಬ್ಬಳ್ಳಿಯ ಲೆಕ್ಕಕ್ಕೆ ಬಂದ ಆಕ್ಷೇಪಗಳೆಲ್ಲ ಈ ಶರತ್ತುಗಳಲ್ಲಿ ಅಡಗಿವೆ.

ಮೂರೋ, ಒಂದೋ?

ಗ್ರೀನ್‌ವುಡ್ ಮತ್ತು ಯೂಲ್ ಇನ್ನೊಂದು ವಿಚಿತ್ರವನ್ನೂ ಗಮನಿಸಿದ್ದರು. ಎರಡು ಪ್ರಮಾಣಗಳ ಅಂತರವನ್ನು ನೇರವಾಗಿ ತೂಗಿದರೆ ಒಂದು ಉತ್ತರ, ಪಿಯರ್ಸನ್ ಹೇಳಿದಂತೆ ಕೈ-ವರ್ಗದಿಂದ ತೂಗಿದರೆ ಇನ್ನೊಂದು ಉತ್ತರ ಬರುತ್ತಿತ್ತು. ಕಾರಣವನ್ನು 1922ರಲ್ಲಿ ತೋರಿಸಿದವನು ರೊನಾಲ್ಡ್ ಫಿಷರ್. ನಾಲ್ಕು ಮನೆಗಳಿರುವುದರಿಂದ ಮೂರು ಸಂಖ್ಯೆಗಳು ಸ್ವತಂತ್ರವೆಂದು ಪಿಯರ್ಸನ್ ಎಣಿಸಿದ್ದ. ಆದರೆ ಅಂಗಡಿಯ ಖಾತೆ ಬರೆದವರಿಗೆ ಗೊತ್ತು: ಅಡ್ಡಸಾಲಿನ ಮೊತ್ತಗಳೂ ಉದ್ದಸಾಲಿನ ಮೊತ್ತಗಳೂ ನಿಗದಿಯಾದ ಮೇಲೆ ಒಂದು ಮನೆಯನ್ನು ತುಂಬಿದರೆ ಉಳಿದ ಮೂರು ತಾವಾಗಿ ತುಂಬಿಕೊಳ್ಳುತ್ತವೆ. ಸ್ವತಂತ್ರವಾದದ್ದು ಒಂದೇ ಎಂದು ಫಿಷರ್ ವಾದಿಸಿದ.

ಪಿಯರ್ಸನ್ ಒಪ್ಪಲಿಲ್ಲ. ಆಗ ಅವನ ಮಗ ಎಗಾನ್ ಪಿಯರ್ಸನ್ ಬೇರೊಂದು ಉದ್ದೇಶಕ್ಕೆ ಪ್ರಕಟಿಸಿದ್ದ ಸುಮಾರು 12 ಸಾವಿರ ನಾಲ್ಕು ಮನೆಯ ಕೋಷ್ಟಕಗಳು ಫಿಷರ್‌ನ ಕಣ್ಣಿಗೆ ಬಿದ್ದವು. ತಂದೆಯ ಮಾತು ಸರಿಯಿದ್ದರೆ ಆ ಕೋಷ್ಟಕಗಳ ಕೈ-ವರ್ಗದ ಸರಾಸರಿ ಮೂರಾಗಬೇಕು. ಫಿಷರ್ ಸರಿಯಿದ್ದರೆ ಒಂದಾಗಬೇಕು. ಲೆಕ್ಕ ಹಾಕಿದರೆ ಸರಾಸರಿ ಒಂದಕ್ಕೆ ಕೂದಲೆಳೆಯಷ್ಟು ಸಮೀಪ ಬಂದಿತು. 1926ರಲ್ಲಿ ಫಿಷರ್ ಇದನ್ನು ಪ್ರಕಟಿಸಿದ. ಇದು ಪಂಡಿತರ ಹಟದ ಕಥೆಯಂತೆ ಕಂಡರೂ ಪರಿಣಾಮ ಸಣ್ಣದಲ್ಲ. ಮೂರೆಂದು ಎಣಿಸಿದರೆ ಗೆಲ್ಲಲು 7.8 ದಾಟಬೇಕು, ಒಂದೆಂದು ಎಣಿಸಿದರೆ 3.84 ಸಾಕು. ಎರಡರ ನಡುವೆ ಸಿಕ್ಕಿಕೊಂಡ ಲಸಿಕೆಯೊಂದು ನಿಜಕ್ಕೂ ಪ್ರಯೋಜನಕಾರಿಯಾಗಿದ್ದರೂ ಅದು ಸಾಬೀತಾಗಲಿಲ್ಲ ಎನ್ನಿಸಿಕೊಳ್ಳುತ್ತಿತ್ತು.

ಎಂಟು ಬಟ್ಟಲು ಚಹಾ

ಕೈ-ವರ್ಗಕ್ಕೆ ಇನ್ನೊಂದು ಮಿತಿ ಉಂಟು. ಅದು ದೊಡ್ಡ ಸಂಖ್ಯೆಗಳ ಮೇಲೆ ನಿಂತ ಅಂದಾಜು. ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಾದರೆ ಆ ಅಂದಾಜು ನೆಚ್ಚಿಕೆಗೆ ಬಾರದು ಎಂಬುದು ರೂಢಿಯ ಸೂತ್ರ. ಇದಕ್ಕೆ ಪರಿಹಾರ ಹೊಳೆದ ಸಂದರ್ಭ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಚಹಾ ವೇಳೆಯದು. ಪಾಚಿಸಸ್ಯಗಳ ತಜ್ಞೆ ಮ್ಯೂರಿಯಲ್ ಬ್ರಿಸ್ಟಲ್, ಬಟ್ಟಲಿಗೆ ಹಾಲು ಮೊದಲು ಹಾಕಿದ್ದಾರೋ ಚಹಾ ಮೊದಲೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆ ಎಂದಳು. ಫಿಷರ್ 1935ರ ತನ್ನ ಗ್ರಂಥದಲ್ಲಿ ಇದನ್ನು ಎಂಟು ಬಟ್ಟಲುಗಳ ಪ್ರಯೋಗವಾಗಿ ವಿವರಿಸಿದ. ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಚಹಾ ಮೊದಲು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಬರೀ ಊಹೆಯಿಂದ ಎಲ್ಲವೂ ಸರಿಯಾಗುವ ಸಂಭವ ಎಪ್ಪತ್ತರಲ್ಲಿ ಒಂದು. ಒಂದು ಜೋಡಿ ತಪ್ಪಿದರೂ ನಡೆದೀತು ಎಂದರೆ ಆ ಸಂಭವ ಎಪ್ಪತ್ತರಲ್ಲಿ ಹದಿನೇಳಕ್ಕೆ ಏರುತ್ತದೆ. ಅದು ಸಾಕ್ಷ್ಯವೇ ಅಲ್ಲ. ಹೀಗೆ ಅಂದಾಜನ್ನು ಬಿಟ್ಟು ಎಲ್ಲ ಸಾಧ್ಯತೆಗಳನ್ನೂ ಎಣಿಸಿ ತೀರ್ಪು ಕೊಡುವ ಕ್ರಮಕ್ಕೆ ಫಿಷರ್‌ನ ನಿಖರ ಪರೀಕ್ಷೆ ಎಂದು ಹೆಸರಾಯಿತು.

ಇದನ್ನು ಮತ್ತೆ ನಮ್ಮ ಎರಡು ಊರುಗಳಿಗೆ ತರೋಣ. ಎರಡೂ ಕಡೆ ಇಪ್ಪತ್ತಿಪ್ಪತ್ತು ಮಕ್ಕಳನ್ನು ಪರೀಕ್ಷಿಸಿದಾಗ ಕಲಬುರಗಿಯಲ್ಲಿ ಯಾರಿಗೂ ಇಲ್ಲದ ಒಂದು ಕಾಯಿಲೆ ಕಮಲಾಪುರದಲ್ಲಿ ನಾಲ್ವರಿಗೆ ಕಂಡಿತು ಎನ್ನೋಣ. ಕೈ-ವರ್ಗ ಹಾಕಿದರೆ 4.44 ಬರುತ್ತದೆ, 3.84 ದಾಟಿತು, ವ್ಯತ್ಯಾಸವಿದೆ ಎಂದು ಪತ್ರಿಕೆಗೆ ಹೇಳಿಕೆ ಕೊಡಬಹುದು. ಆದರೆ ಇಲ್ಲಿ ಪ್ರತಿ ಊರಿಗೂ ನಿರೀಕ್ಷಿತ ರೋಗಿಗಳು ಇಬ್ಬರು ಮಾತ್ರ. ನಿಖರ ಪರೀಕ್ಷೆ ಮಾಡಿದರೆ, ಇಷ್ಟು ಅಂತರ ಯಾವುದಾದರೊಂದು ಊರಿನ ಕಡೆಗೆ ಬರೀ ಆಕಸ್ಮಿಕವಾಗಿ ಬೀಳುವ ಸಂಭವ ನೂರರಲ್ಲಿ ಹತ್ತಕ್ಕೂ ಹೆಚ್ಚು. ಒಂದೇ ಕೋಷ್ಟಕ, ಎರಡು ಪರೀಕ್ಷೆ, ಎರಡು ತೀರ್ಪು. ಸಂಖ್ಯೆಗಳು ಚಿಕ್ಕದಾಗಿರುವ ಇಂತಹ ಕಡೆ ನಿಖರ ಪರೀಕ್ಷೆಯ ಮಾತನ್ನೇ ಕೇಳಬೇಕು.

ಅದೇ ಅಂಕಿ, ಬೇರೆ ತೀರ್ಪು

ಪರೀಕ್ಷೆಯ ಆಯ್ಕೆ ಸಂಖ್ಯೆಗಳ ಗಾತ್ರಕ್ಕಿಂತ ಹೆಚ್ಚಾಗಿ ಅವು ಹೇಗೆ ಬಂದವು ಎಂಬುದರ ಮೇಲೆ ನಿಲ್ಲುತ್ತದೆ. ಮೊದಲಿನ ಉದಾಹರಣೆಯ 62 ಮತ್ತು 50ನ್ನೇ ತೆಗೆದುಕೊಳ್ಳೋಣ. ಎರಡು ಊರುಗಳ ನೂರು ನೂರು ಬೇರೆ ಬೇರೆ ಕುಟುಂಬಗಳಾದರೆ ಇದು ನೇರವಾದ ಕೈ-ವರ್ಗದ ಪ್ರಸಂಗ. ನಿರೀಕ್ಷಿತ ಸಂಖ್ಯೆ ಹೌದು ಎಂಬ ಕಡೆ 56, ಇಲ್ಲ ಎಂಬ ಕಡೆ 44. ಕೂಡಿಸಿದರೆ ಬೆಲೆ 2.92. ಅದು 3.84ನ್ನು ಮುಟ್ಟುವುದಿಲ್ಲ. ಎರಡನೆಯ ಅಧಿಕಾರಿಯ ಸಂದೇಹಕ್ಕೆ ಆಧಾರವಿದೆ. ಆದರೆ ವ್ಯತ್ಯಾಸ ಸಾಬೀತಾಗಲಿಲ್ಲ ಎಂದರೆ ವ್ಯತ್ಯಾಸ ಇಲ್ಲವೆಂದಲ್ಲ. ಇನ್ನೂರು ಇನ್ನೂರು ಕುಟುಂಬಗಳನ್ನು ಕೇಳಿ ಅದೇ ಪ್ರಮಾಣ, ಅಂದರೆ 124 ಮತ್ತು 100 ಬಂದಿದ್ದರೆ ಬೆಲೆ 5.84 ಆಗುತ್ತಿತ್ತು, ಮೊದಲನೆಯ ಅಧಿಕಾರಿ ಗೆಲ್ಲುತ್ತಿದ್ದ.

ಈಗ ಸಂದರ್ಭ ಬದಲಿಸೋಣ. ಕಲಬುರಗಿಯನ್ನು ಬಿಟ್ಟು ಕಮಲಾಪುರದ ನೂರು ಕುಟುಂಬಗಳನ್ನೇ ಎರಡು ಸಲ ಕೇಳಲಾಯಿತು. ನಡುವೆ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಿಳಿಹೇಳಿದರು. ಮೊದಲು 50 ಕುಟುಂಬಗಳು ಹೌದು ಎಂದಿದ್ದವು, ಆಮೇಲೆ 62. ಅಂಕಿಗಳು ಹಿಂದಿನವೇ. ಆದರೆ ಇಲ್ಲಿ ಎರಡು ಗುಂಪುಗಳಿಲ್ಲ. ಒಂದೇ ಗುಂಪಿನ ಹಿಂದು ಮುಂದುಗಳಿವೆ. ಇಂತಹ ಜೋಡಿ ಅಂಕಿಗಳಿಗೆ 1947ರಲ್ಲಿ ಕ್ವಿನ್ ಮ್ಯಾಕ್‌ನಿಮರ್ ಎಂಬ ಮನಶ್ಶಾಸ್ತ್ರಜ್ಞ ಬೇರೆ ಪರೀಕ್ಷೆ ಸೂಚಿಸಿದ. ಮನಸ್ಸು ಬದಲಿಸದವರಿಂದ ನಮಗೆ ಏನೂ ತಿಳಿಯದು, ಬದಲಿಸಿದವರನ್ನಷ್ಟೇ ನೋಡಬೇಕು ಎಂಬುದು ಅದರ ಸಾರ. ಇಲ್ಲದಿಂದ ಹೌದಿಗೆ ಬಂದವರು 20, ಹೌದಿನಿಂದ ಇಲ್ಲಕ್ಕೆ ಜಾರಿದವರು 8 ಎಂದಿಟ್ಟುಕೊಂಡರೆ, ಅಂತರ 12ರ ವರ್ಗವಾದ 144ನ್ನು ಮೊತ್ತವಾದ 28ರಿಂದ ಭಾಗಿಸಬೇಕು. ಬೆಲೆ 5.14. ಕಾರ್ಯಕರ್ತೆಯರ ಓಡಾಟ ನಡೆದ ಆ ಅವಧಿಯಲ್ಲಿ ಬದಲಾವಣೆ ಆಗಿರುವುದು ನಿಜ. ಇದೇ ಅಂಕಿಗಳಿಗೆ ತಪ್ಪು ಪರೀಕ್ಷೆ ಹಚ್ಚಿ 2.92 ಎಂದಿದ್ದರೆ, ಪ್ರಯೋಜನವಾಗದ ಕೆಲಸವೆಂದು ಅವರ ಯೋಜನೆಯೇ ನಿಂತುಹೋಗಬಹುದಿತ್ತು.

ಮೂರನೆಯ ಸಂದರ್ಭ ಇನ್ನೂ ಸಾಮಾನ್ಯವಾದದ್ದು. ಸಮೀಕ್ಷೆಗೆ ಹೋದವರು ಇಡೀ ಊರಿನ ಪಟ್ಟಿಯಿಂದ ಚೀಟಿ ಎತ್ತುವುದು ಕಷ್ಟ. ಕೆಲವು ಓಣಿಗಳನ್ನೋ ಹಳ್ಳಿಗಳನ್ನೋ ಆರಿಸಿ, ಪ್ರತಿಯೊಂದರಲ್ಲೂ ಅಕ್ಕಪಕ್ಕದ ಕೆಲವು ಕುಟುಂಬಗಳನ್ನು ಕೇಳುತ್ತಾರೆ. ಮಕ್ಕಳ ಲಸಿಕೆಯ ಸಮೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ಪ್ರಚಾರಕ್ಕೆ ತಂದ ಕ್ರಮವೂ ಇಂತಹುದೇ: 30 ತಾಣಗಳು, ತಾಣಕ್ಕೆ 7 ಮಕ್ಕಳು, ಒಟ್ಟು 210. ಆದರೆ ಒಂದೇ ಓಣಿಯವರು ಒಂದೇ ನಲ್ಲಿಯ ನೀರು ಕುಡಿಯುತ್ತಾರೆ, ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಾರೆ. ಏಳು ಮನೆಯ ಉತ್ತರ ಏಳು ಸಾಕ್ಷಿಗಳಾಗದೆ ಮೂರೋ ನಾಲ್ಕೋ ಸಾಕ್ಷಿಗಳಿಗೆ ಸಮವಾಗಬಹುದು. ಇಂತಹ ಹೋಲಿಕೆಯಿಂದ ಸಾಕ್ಷ್ಯ ಅರ್ಧಕ್ಕಿಳಿದರೆ, ಇನ್ನೂರು ಇನ್ನೂರು ಕುಟುಂಬಗಳಿಂದ ಬಂದ 5.84 ಮತ್ತೆ 2.92ಕ್ಕೆ ಕುಸಿಯುತ್ತದೆ. ಗುಂಪುಗುಂಪಾಗಿ ಆರಿಸಿದ ಅಂಕಿಗಳಿಗೆ ಕೈ-ವರ್ಗವನ್ನು ಹೀಗೆ ತಿದ್ದುವ ವಿಧಾನವನ್ನು 1981ರಲ್ಲಿ ಜೆ.ಎನ್.ಕೆ. ರಾವ್ ಮತ್ತು ಆಲಸ್ಟೇರ್ ಸ್ಕಾಟ್ ರೂಪಿಸಿದರು.

ಉಂಧೇರಾದ ಲೆಕ್ಕವನ್ನೂ ಈ ಬೆಳಕಿನಲ್ಲಿ ಮತ್ತೆ ನೋಡಬೇಕಾಗುತ್ತದೆ. ಅಲ್ಲಿ ಹೋಲಿಕೆ ನಡೆದದ್ದು ಕುಟುಂಬದೊಳಗೆ. ಹಾಗಾಗಿ 135 ಜನರನ್ನು ಒಂದೇ ರಾಶಿ ಮಾಡದೆ, ಕುಟುಂಬ ಕುಟುಂಬವಾಗಿ ಹೋಲಿಸಿ ಆಮೇಲೆ ಕೂಡಿಸುವುದು ಹೆಚ್ಚು ಸರಿ. ಅದಕ್ಕೂ 1959ರಲ್ಲಿ ನೇಥನ್ ಮ್ಯಾಂಟೆಲ್ ಮತ್ತು ವಿಲಿಯಂ ಹೆನ್ಸೆಲ್ ಒಂದು ವಿಧಾನ ಕೊಟ್ಟಿದ್ದಾರೆ. ಅಲ್ಲಿಯ ಅಂತರ ತೀರ ದೊಡ್ಡದಾದ್ದರಿಂದ ಸ್ಥೂಲ ಲೆಕ್ಕವೂ ದಾರಿ ತಪ್ಪಿಸುವುದಿಲ್ಲ. ಅಂತರ ಚಿಕ್ಕದಾದಾಗಲೇ ಆಯ್ಕೆಯ ತಪ್ಪು ದುಬಾರಿಯಾಗುವುದು.

ಹಡಗಲಿಯ ಹುಡುಗ

ಹೀಗೆ ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ ಪರೀಕ್ಷೆಗಳ ಹಿಂದೆ ಒಂದೇ ಮೂಲಸೂತ್ರ ಇರಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಪ್ರಮುಖರು ಸಿ.ಆರ್. ರಾವ್. ಕಲ್ಯಂಪೂಡಿ ರಾಧಾಕೃಷ್ಣ ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಹೂವಿನ ಹಡಗಲಿಯಲ್ಲಿ. ಅದು ಅಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ತೆಲುಗು ಮನೆಮಾತಿನ ಕುಟುಂಬ, ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರಿಟ್ಟರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, 1941ರಲ್ಲಿ ಕಲ್ಕತ್ತಾದಲ್ಲಿ ಮಹಾಲನೋಬಿಸ್ ಕಟ್ಟಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದ ರಾವ್, 1946ರಲ್ಲಿ ಕೇಂಬ್ರಿಜ್‌ಗೆ ಹೋಗಿ ಫಿಷರ್‌ನ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು.

ಅದೇ 1948ರಲ್ಲಿ ಅವರು ಪ್ರಕಟಿಸಿದ ಪರೀಕ್ಷಾ ವಿಧಾನ ಇಂದು ರಾವ್ ಅವರ ಸ್ಕೋರ್ ಪರೀಕ್ಷೆ ಎಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ವ್ಯತ್ಯಾಸವಿಲ್ಲ ಎಂಬ ಊಹೆಯನ್ನು ಇಟ್ಟುಕೊಂಡು, ದೊರೆತ ಅಂಕಿಗಳು ಆ ಊಹೆಯನ್ನು ಎಷ್ಟು ಬಲವಾಗಿ ಆಚೆಗೆ ಎಳೆಯುತ್ತಿವೆ ಎಂದು ಅಳೆಯುವ ಸಾಮಾನ್ಯ ಸೂತ್ರ ಅದು. ಅದನ್ನು ನಾಲ್ಕು ಮನೆಯ ಕೋಷ್ಟಕಕ್ಕೆ ಹಚ್ಚಿದರೆ ಪಿಯರ್ಸನ್‌ನ ಕೈ-ವರ್ಗವೇ ಬರುತ್ತದೆ. ಜೋಡಿ ಅಂಕಿಗಳಿಗೆ ಹಚ್ಚಿದರೆ ಮ್ಯಾಕ್‌ನಿಮರ್‌ನ ಪರೀಕ್ಷೆ ಬರುತ್ತದೆ. ಬೇರೆ ಬೇರೆ ಹೆಸರಿನ ಪರೀಕ್ಷೆಗಳು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಸಂದರ್ಭದಲ್ಲಿ ಕೇಳುವ ಬಗೆಗಳು ಎಂಬುದು ಇದರಿಂದ ಸ್ಪಷ್ಟವಾಯಿತು. 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದ ರಾವ್, ಅದೇ 2023ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ನೂರ ಎಪ್ಪತ್ತೈದು ತಾಲ್ಲೂಕುಗಳ ಕೋಷ್ಟಕ

ಕರ್ನಾಟಕದ ಸಾರ್ವಜನಿಕ ಜೀವನದಲ್ಲಿ ಇಂತಹ ಒಂದು ಕೋಷ್ಟಕ ದೊಡ್ಡ ಪಾತ್ರ ವಹಿಸಿದೆ. ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕೆ ನೇಮಕವಾಗಿದ್ದ, ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲ್ಲೂಕುಗಳಿಗೆ 35 ಸೂಚಕಗಳಿಂದ ಒಂದು ಸಮಗ್ರ ಸೂಚ್ಯಂಕ ಕಟ್ಟಿ, ಅದರ ಆಧಾರದ ಮೇಲೆ 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ, 35 ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ಉಳಿದ 61 ಸಾಪೇಕ್ಷವಾಗಿ ಮುಂದುವರಿದವು.

ವಿಭಾಗವಾರು ನೋಡಿದರೆ, ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಗುಲ್ಬರ್ಗ ವಿಭಾಗದಲ್ಲಿ 31 ತಾಲ್ಲೂಕುಗಳಿದ್ದವು. ಹೂವಿನ ಹಡಗಲಿಯೂ ಅವುಗಳಲ್ಲೊಂದು. ಅವುಗಳಲ್ಲಿ ಅತ್ಯಂತ ಹಿಂದುಳಿದವು 21, ಅತಿ ಹಿಂದುಳಿದವು 5, ಹಿಂದುಳಿದವು 2, ಮುಂದುವರಿದವು 3. ಬೆಳಗಾವಿ ವಿಭಾಗದ 49ರಲ್ಲಿ ಇದೇ ಕ್ರಮದಲ್ಲಿ 5, 12, 14, 18. ಬೆಂಗಳೂರು ವಿಭಾಗದ 51ರಲ್ಲಿ 11, 13, 9, 18. ಮೈಸೂರು ವಿಭಾಗದ 44ರಲ್ಲಿ 2, 10, 10, 22.

ನಾಲ್ಕು ವಿಭಾಗ, ನಾಲ್ಕು ವರ್ಗ, ಹದಿನಾರು ಮನೆಗಳು. ಗುಲ್ಬರ್ಗದ ಸಾಲಿನಲ್ಲಿ 2, 3 ಎಂಬ ಚಿಕ್ಕ ಸಂಖ್ಯೆಗಳನ್ನು ಕಂಡು ಇಲ್ಲಿ ಕೈ-ವರ್ಗ ನಡೆಯದು ಎನ್ನುವವರುಂಟು. ಅದು ತಪ್ಪು. ಐದರ ಸೂತ್ರ ಅನ್ವಯಿಸುವುದು ನಿರೀಕ್ಷಿತ ಸಂಖ್ಯೆಗೆ, ಕಂಡ ಸಂಖ್ಯೆಗಲ್ಲ. ಇಲ್ಲಿ ಅತ್ಯಂತ ಚಿಕ್ಕ ನಿರೀಕ್ಷಿತ ಸಂಖ್ಯೆಯೂ 6.2. ಲೆಕ್ಕ ಹಾಕಿದರೆ ಬೆಲೆ 52ನ್ನು ದಾಟುತ್ತದೆ. ಇಷ್ಟು ಮನೆಗಳ ಕೋಷ್ಟಕಕ್ಕೆ ಆಕಸ್ಮಿಕದ ಗಡಿ ಸುಮಾರು 17. ಹೆಚ್ಚು ಗಮನಿಸಬೇಕಾದದ್ದೆಂದರೆ, ಈ 52ರಲ್ಲಿ ಸುಮಾರು 38 ಬರುವುದು ಗುಲ್ಬರ್ಗ ವಿಭಾಗದ ಒಂದೇ ಸಾಲಿನಿಂದ. ಬೆಂಗಳೂರು ವಿಭಾಗದ ಪಾಲು ಒಂದಕ್ಕಿಂತ ಕಡಿಮೆ. ರಾಜ್ಯದ ಅಸಮಾನತೆಯ ಭಾರ ಎಲ್ಲಿ ಬಿದ್ದಿತ್ತು ಎಂಬುದಕ್ಕೆ ಭಾಷಣ ಬೇಕಿಲ್ಲ. ಮುಂದೆ ಸಂವಿಧಾನದ 371ಜೆ ವಿಧಿಯ ಮೂಲಕ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಬಂದಾಗ ಚರ್ಚೆಯ ಹಿನ್ನೆಲೆಯಲ್ಲಿ ಈ ವರದಿ ಇತ್ತು. ಹೈದರಾಬಾದ್ ಕರ್ನಾಟಕವೆಂದು ಕರೆಯುತ್ತಿದ್ದ ಈ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು.

ಆದರೂ ಇಲ್ಲಿ ಎಚ್ಚರದ ಮಾತೊಂದಿದೆ. ಈ ಕೋಷ್ಟಕ ಸಮೀಕ್ಷೆಯಲ್ಲ, ಪೂರ್ಣ ಎಣಿಕೆ. ರಾಜ್ಯದ ಯಾವ ತಾಲ್ಲೂಕೂ ಹೊರಗುಳಿದಿಲ್ಲ. ಬೇರೆ ಚೀಟಿ ಎತ್ತಿದ್ದರೆ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಹಾಗಾಗಿ ಕೈ-ವರ್ಗ ಇಲ್ಲಿ ತೀರ್ಪುಗಾರನಲ್ಲ. ಸಮನಾದ ಹಂಚಿಕೆಯಿಂದ ವಾಸ್ತವ ಎಷ್ಟು ದೂರ ಸರಿದಿದೆ ಎಂದು ತೋರಿಸುವ ಅಳತೆಗೋಲು ಅಷ್ಟೇ. ಜೊತೆಗೆ, ಹಿಂದುಳಿದ, ಅತಿ ಹಿಂದುಳಿದ ಎಂಬ ವರ್ಗಗಳಿಗೆ ಒಂದು ಏರಿಳಿತದ ಕ್ರಮವಿದೆ. ಸಾಧಾರಣ ಕೈ-ವರ್ಗಕ್ಕೆ ಆ ಕ್ರಮ ಕಾಣುವುದಿಲ್ಲ. ವರ್ಗಗಳನ್ನು ಅದಲುಬದಲು ಮಾಡಿದರೂ ಅದು ಅದೇ ಬೆಲೆ ಕೊಡುತ್ತದೆ. ಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪರೀಕ್ಷೆಗಳನ್ನು 1950ರ ದಶಕದಲ್ಲಿ ವಿಲಿಯಂ ಕಾಕ್ರನ್, ಪೀಟರ್ ಆರ್ಮಿಟೇಜ್ ಮೊದಲಾದವರು ರೂಪಿಸಿದ್ದಾರೆ.

ಇನ್ನೂ ಮುಖ್ಯವಾದದ್ದು, ಯಾವ ಪರೀಕ್ಷೆಯೂ ಕೋಷ್ಟಕದ ಒಂದು ಮನೆಯ ಒಳಗೆ ಏನಿದೆ ಎಂದು ನೋಡಲಾರದು. 2002ರಲ್ಲಿ ಕಮಲಾಪುರ ಗುಲ್ಬರ್ಗ ತಾಲ್ಲೂಕಿನ ಭಾಗ. ಆಸ್ಪತ್ರೆ, ಕಾಲೇಜು, ವಿಶ್ವವಿದ್ಯಾಲಯಗಳಿರುವ ನಗರವೂ, ಮೂವತ್ತು ಕಿಲೋಮೀಟರು ಆಚೆಯ ಹಳ್ಳಿಗಳೂ ಸೇರಿ ಒಂದೇ ಸೂಚ್ಯಂಕವಾಗಿದ್ದವು. ನಗರದ ಅನುಕೂಲಗಳು ಹಳ್ಳಿಗಳ ಲೆಕ್ಕಕ್ಕೂ ಜಮೆಯಾದವು. ಕಮಲಾಪುರದ ಸ್ಥಿತಿ ಹೇಗಿತ್ತು ಎಂಬ ಪ್ರಶ್ನೆಯನ್ನು ಆ ಕೋಷ್ಟಕ ಕೇಳಿರಲಿಲ್ಲ, ಆದ್ದರಿಂದ ಉತ್ತರವೂ ಅದರಲ್ಲಿಲ್ಲ. ತಾಲ್ಲೂಕು ಬೇರೆಯಾದ ಮೇಲೆ ಈಗ ಆ ಊರಿಗೆ ಕೋಷ್ಟಕದಲ್ಲಿ ತನ್ನದೇ ಸಾಲು ಬರಲು ಸಾಧ್ಯವಿದೆ.

ಇಂದು ಇಂತಹ ಪರೀಕ್ಷೆಗಳನ್ನೆಲ್ಲ ಕಂಪ್ಯೂಟರು ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಈ ಕುಟುಂಬಗಳನ್ನು ಹೇಗೆ ಆರಿಸಿದಿರಿ, ಅದೇ ಜನರನ್ನು ಎರಡು ಸಲ ಕೇಳಿದಿರೋ ಬೇರೆಯವರನ್ನೋ, ಒಂದೇ ಓಣಿಯವರೋ ಇಡೀ ಊರಿನವರೋ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆಗಳನ್ನು ಕೇಳಬೇಕಾದವರು ಸಮೀಕ್ಷೆ ಮಾಡುವವರು, ಅವರು ಮರೆತರೆ ಅದನ್ನು ಓದುವವರು. ನಗರದಲ್ಲಿ ಇಷ್ಟು, ಹಳ್ಳಿಯಲ್ಲಿ ಅಷ್ಟು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಶೇಕಡಾವಾರಿನ ಜೊತೆಗೆ ಎಷ್ಟು ಜನರನ್ನು, ಎಲ್ಲಿ, ಹೇಗೆ ಕೇಳಿದರು ಎಂದು ಹುಡುಕುವ ಓದುಗ, ಹುಬ್ಬಳ್ಳಿಯ ಲೆಕ್ಕಕ್ಕೆ 1898ರಲ್ಲಿ ಎದ್ದ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಿರುತ್ತಾನೆ.